ಸೀಸನ್ ಶುರುವಾಗೋ ಮುಂಚೆ ಕಾಲೇಜು ಹುಡುಗೀರ ವಾಲಿಬಾಲ್ ಪ್ರಾಕ್ಟೀಸ್ ನೋಡೋಕೆ ಹೋದ್ರೆ ಏನು ನೋಡ್ಬೇಕು?

ನಿಮ್ಮ ಅಕ್ಕನ ಮಗಳು ಹಾಸನದಲ್ಲಿ ಕಾಲೇಜ್ ಟೀಮಿಗೆ ಸೆಲೆಕ್ಟ್ ಆಗಿದಾಳೆ, ಪ್ರಾಕ್ಟೀಸ್ ನೋಡೋಕೆ ಬಾ ಮಾಮ ಅಂತ ದಿನಾ ಕರೀತಾಳೆ, ನಿಮಗೆ ಕ್ರಿಕೆಟ್ ಬಿಟ್ರೆ ಬೇರೆ ಆಟ ಗೊತ್ತಿಲ್ಲ, ಮ್ಯಾಚ್ ದಿನ ಹೋದ್ರೆ ಸಾಕಲ್ವಾ ಅಂತ ಕೇಳಿದೀರ. ಸಾಕಾಗಲ್ಲ, ದಯವಿಟ್ಟು ಪ್ರಾಕ್ಟೀಸಿಗೂ ಹೋಗಿ. ನಾನು ಚಿಕ್ಕಮಗಳೂರಿನೋಳು, ಟೈಲರಿಂಗ್ ಅಂಗಡಿ ಇದೆ, ಮಗಳು ಬಿಕಾಂ ಎರಡನೇ ವರ್ಷ, ಹೋದ ವರ್ಷದಿಂದ ಟೀಮಲ್ಲಿದಾಳೆ. ಸಂಜೆ ಕತ್ತಲಾಗುತ್ತೆ ಒಬ್ಳೇ ಬರೋದು ಬೇಡ ಅಂತ ಕರ್ಕೊಂಡ್ ಬರೋಕೆ ಅಂತಷ್ಟೇ ಹೋಗ್ತಿದ್ದೆ, ಆರು ಗಂಟೆಗೆ ಹೋಗ್ತಿದ್ದೋಳು ಬರ್ತಾ ಬರ್ತಾ ನಾಲ್ಕೂವರೆಗೇ ಅಂಗಡಿ ಶಟರ್ ಎಳೆದು ಹೋಗೋ ಹಾಗಾಯ್ತು.

ಹೋಗಿ ಕೂತ ತಕ್ಷಣ ಬಾಲ್ ಹಿಂದೆ ಕಣ್ಣು ಓಡಿಸ್ಬೇಡಿ. ಮೊದಲು ಕಿವಿ ಕೊಡಿ. ಯಾರು ಕೂಗ್ತಿದಾರೆ, ಯಾರು ಬಾಯಿ ಬಿಡ್ತಿಲ್ಲ ಅಂತ ಕೇಳಿಸ್ಕೊಳ್ಳಿ.

ಯಾಕೆ ಹೀಗಂತೀನಿ ಅಂದ್ರೆ, ಹೋದ ವರ್ಷ ಮೊದಲನೇ ವಾರ ನಾನು ಹೋದಾಗ ಗ್ರೌಂಡಲ್ಲಿ ಬಾಲ್ ಬೀಳೋ ಸದ್ದು, ಸರ್ ವಿಷಲ್, ಇವೆರಡು ಬಿಟ್ರೆ ಬೇರೆ ಏನೂ ಕೇಳಿಸ್ತಿರ್ಲಿಲ್ಲ. ಹನ್ನೆರಡು ಹುಡುಗೀರು, ಎಲ್ಲಾ ಬೇರೆ ಬೇರೆ ಊರಿನೋರು, ಒಬ್ರಿಗೊಬ್ರು ಇನ್ನೂ ಸರಿಯಾಗಿ ಪರಿಚಯ ಇಲ್ಲ. ಆ ಕಡೆಯಿಂದ ಒಂದು ಸುಲಭದ ಬಾಲ್ ಬಂತು, ಅಂಥಾ ಸ್ಪೀಡೂ ಇರ್ಲಿಲ್ಲ, ನನ್ನ ಮಗಳಿಗೂ ಮೂಡಿಗೆರೆ ಕಡೆ ಹುಡುಗಿ ಒಬ್ಳಿಗೂ ಸರಿಯಾಗಿ ಮಧ್ಯದಲ್ಲಿ. ಇವಳು ಅವಳ ಮುಖ ನೋಡಿದ್ಳು, ಅವಳು ಇವಳ ಮುಖ ನೋಡಿದ್ಳು, ಬಾಲ್ ಇಬ್ಬರ ನಡುವೆ ಪಟ್ ಅಂತ ಬಿತ್ತು. ಆಮೇಲೆ ಇಬ್ರೂ ಒಟ್ಟಿಗೆ ಸಾರಿ ಅಂದ್ರು. ಪಿಡಿ ಸರ್ (ಫಿಸಿಕಲ್ ಡೈರೆಕ್ಟರ್‌ನ ಇಲ್ಲಿ ಎಲ್ರೂ ಹಾಗೇ ಕರೆಯೋದು) ವಿಷಲ್ ಹಾಕಿ "ಯಾರ ಬಾಲಮ್ಮ ಅದು" ಅಂತ ಕೇಳಿದ್ರೆ ಒಬ್ರೂ ಮಾತಾಡ್ಲಿಲ್ಲ. ಅವರು ಬೈಲಿಲ್ಲ. ಇನ್ನು ಹತ್ತು ನಿಮಿಷ ಯಾರೂ ಬಾಲ್ ಹೊಡೆಯೋ ಹಾಗಿಲ್ಲ, ನಾನು ಎಸೀತೀನಿ, ಯಾರ ಕಡೆ ಬರುತ್ತೋ ಅವರು 'ನಂದು' ಅಂತ ಕೂಗಿ ಹಿಡ್ಕೊಬೇಕು ಅಷ್ಟೇ, ಪಕ್ಕದೋರು 'ನಿಂದೇ ನಿಂದೇ' ಅನ್ಬೇಕು, ನನಗೆ ಆ ಗೇಟ್ ಹತ್ರ ಕೇಳಿಸ್ಬೇಕು ಅಂದ್ರು.

ಆ ಮೂಡಿಗೆರೆ ಹುಡುಗಿ ಬಾಯಿಂದ ದನಿ ಬರೋಕೆ ಮೂರು ವಾರ ಹಿಡೀತು. ಮೊದಮೊದಲು ತುಟಿ ಅಲ್ಲಾಡೋದು, ಸದ್ದೇ ಇಲ್ಲ. ನನಗದು ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯ್ತು, ಯಾಕಂದ್ರೆ ಮೆತ್ತಗೆ ಮಾತಾಡೇ ಆಚೆ ಮನೆಯೋರಿಗೆ ಕೇಳುತ್ತೆ ಅಂತ ನಾನೇ ನನ್ನ ಮಗಳಿಗೆ ಎಷ್ಟು ಸಲ ಹೇಳಿಲ್ಲ. ಹದಿನೆಂಟು ವರ್ಷ ಮನೇಲಿ ದನಿ ತಗ್ಗಿಸು ಅಂತ ಹೇಳಿಸ್ಕೊಂಡ ಮಕ್ಕಳು ಇದ್ದಕ್ಕಿದ್ದ ಹಾಗೆ ಬಯಲಲ್ಲಿ ನಿಂತು ನಂದು ಅಂತ ಕೂಗ್ಬೇಕು. ಸರ್ವಿಸ್‌ಗಿಂತ, ಸ್ಮ್ಯಾಶ್‌ಗಿಂತ ಅದೇ ಕಷ್ಟದ್ದು ಅಂತ ನನಗೆ ಅನ್ಸಿದ್ದು. ಒಂದಿನ ಸಂಜೆ ಅವಳು ಕೂಗಿದ್ಳು ನೋಡಿ, ಬೇಲಿ ಆಚೆ ಚುರುಮುರಿ ಮಾರೋ ಅಣ್ಣ ಕೂಡ ತಿರುಗಿ ನೋಡ್ದ. ಉಳಿದ ಹುಡುಗೀರು ಆಟ ಬಿಟ್ಟು ಓಡಿ ಹೋಗಿ ಅವಳನ್ನ ತಬ್ಕೊಂಡ್ರು.

ಮ್ಯಾಚಲ್ಲಿ ಇದು ಎಷ್ಟು ಮುಖ್ಯ ಅಂದ್ರೆ, ಈಗ ಪ್ರತಿ ಬಾಲಿಗೂ ಯಾರಿಗಾದ್ರೂ ಒಬ್ರಿಗೆ ಪಾಯಿಂಟ್ ಹೋಗೇ ಹೋಗುತ್ತೆ. ನಾನು ಹೈಸ್ಕೂಲಲ್ಲಿ ಆಡ್ತಿದ್ದಾಗ ಹಂಗಿರ್ಲಿಲ್ಲ, ಯಾರು ಸರ್ವಿಸ್ ಮಾಡ್ತಾರೋ ಅವರಿಗೆ ಮಾತ್ರ ಪಾಯಿಂಟ್, ಹದಿನೈದಕ್ಕೆ ಸೆಟ್ ಮುಗೀತಿತ್ತು, ಒಂದು ತಪ್ಪು ಮಾಡಿದ್ರೆ ಸರ್ವಿಸ್ ಆ ಕಡೆ ಹೋಗೋದು ಅಷ್ಟೇ. ಈಗ 25 ಪಾಯಿಂಟಿನ ಸೆಟ್, ಐದನೇ ಸೆಟ್ ಬಂದ್ರೆ 15. ಇಬ್ರು ಮುಖ ಮುಖ ನೋಡ್ಕೊಂಡು ನಿಂತ್ರೆ ಒಂದು ಪಾಯಿಂಟ್ ಅಲ್ಲೇ ಕೊಟ್ಟ ಹಾಗೆ. (ನಾನು ಎಸ್ಸೆಸ್ಸೆಲ್ಸಿ ಆದ್ಮೇಲೆ ಆಟ ಬಿಡಿಸಿದ್ರು ಮನೇಲಿ. ಅದರ ನೋವು ಇನ್ನೂ ಇದೆ, ಮಗಳ ಜೊತೆ ಗ್ರೌಂಡಿಗೆ ಹೋದಾಗ ಸ್ವಲ್ಪ ಕಮ್ಮಿ ಆಗುತ್ತೆ.)

ಸ್ವಲ್ಪ ಬೇಗ ಹೋದ್ರೆ ನೆಟ್ ಕಟ್ಟೋದು ನೋಡಬಹುದು, ನನಗೆ ಅದು ತುಂಬಾ ಇಷ್ಟ. ನಮ್ಮಲ್ಲಿ ಹುಡುಗರಿಗೂ ಹುಡುಗೀರಿಗೂ ಒಂದೇ ಕೋರ್ಟ್, ಕೆಮ್ಮಣ್ಣಿಂದು, ಸುಣ್ಣದ ಗೆರೆ, 18 ಮೀಟರ್ ಉದ್ದ 9 ಮೀಟರ್ ಅಗಲ. ಹುಡುಗರ ನೆಟ್ ಎತ್ತರ 2.43 ಮೀಟರ್, ಹುಡುಗೀರದು 2.24, ಅಂದ್ರೆ ಹತ್ತೊಂಬತ್ತು ಸೆಂಟಿಮೀಟರ್ ಕಮ್ಮಿ. ನಮ್ಮ ಕ್ಯಾಪ್ಟನ್ ಹುಡುಗಿ ಹತ್ರ ಒಂದು ಬಿದಿರು ಕೋಲಿದೆ, ಅದರಲ್ಲಿ ಎರಡು ಕಡೆ ಬ್ಲೇಡಲ್ಲಿ ಕಚ್ಚು ಹಾಕಿ ಒಂದಕ್ಕೆ ನೀಲಿ ಒಂದಕ್ಕೆ ಕೆಂಪು ಇನ್ಸುಲೇಶನ್ ಟೇಪ್ ಸುತ್ತಿದಾರೆ. ಕೆಂಪು ಇವರದು. ಅದನ್ನ ನೆಟ್ ಮಧ್ಯಕ್ಕೆ ಹಿಡಿದು ನೋಡ್ತಾಳೆ, ಹಗ್ಗ ಸಡಿಲ ಇದ್ರೆ ಮಧ್ಯದಲ್ಲೇ ಜೋತು ಬೀಳೋದಲ್ವಾ, ಆಮೇಲೆ ಎರಡೂ ತುದಿ ನೋಡ್ತಾಳೆ, ತುದಿಯಲ್ಲಿ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ಮೇಲಿರೋ ಹಾಗಿಲ್ಲ. ಒಂದಿನ ಹುಡುಗರು ಇಳಿಸದೇ ಹೋಗಿದ್ರು, ಇವತ್ತೊಂದಿನ ಹಂಗೇ ಆಡೋಣ ಬಾರೇ ಅಂತ ಯಾರೋ ಅಂದ್ರೆ ಅವಳು ಒಪ್ಲೇ ಇಲ್ಲ, ಕೈಗೆ ತಪ್ಪು ಅಳತೆ ಕಲಿಸ್ಬಾರ್ದು ಕಣೇ ಅಂದ್ಳು. ಇಪ್ಪತ್ತು ವರ್ಷದ ಹುಡುಗಿ. ನಾನು ಬಟ್ಟೆ ಅಳತೆ ತಗೊಳ್ಳೋಳು, ಆ ಮಾತು ಕೇಳಿ ತುಂಬಾ ಖುಷಿಯಾಯ್ತು.

ಆಮೇಲೆ ನಿಮಗೆ ಒಂದು ಗೊಂದಲ ಆಗೇ ಆಗುತ್ತೆ, ನನಗೂ ಆಗಿತ್ತು. ಸರ್ವಿಸ್ ಮುಂಚೆ ಹುಡುಗೀರು ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿರ್ತಾರೆ, ಸರ್ವಿಸ್ ಹೊಡೆದ ಕೂಡ್ಲೇ ದಿಕ್ಕಿಗೊಬ್ರು ಓಡ್ತಾರೆ. ಏನಂದ್ರೆ ಆರು ಜನಕ್ಕೂ ಒಂದೊಂದು ಜಾಗ ಇರುತ್ತೆ, ಎದುರಾಳಿ ಕೈಯಿಂದ ಸರ್ವಿಸ್ ಗೆದ್ದಾಗೆಲ್ಲ ಗಡಿಯಾರದ ಮುಳ್ಳಿನ ಥರ ಒಂದೊಂದು ಜಾಗ ಸರೀಬೇಕು, ಸರ್ವಿಸ್ ಹೊಡೆಯೋಳ ಕೈ ಬಾಲಿಗೆ ತಾಗೋವರೆಗೂ ಸರ್ವಿಸ್ ಎದುರಿಸೋ ಟೀಮ್ ಆ ಕ್ರಮ ತಪ್ಪೋ ಹಾಗಿಲ್ಲ, ತಾಗಿದ ಮೇಲೆ ಎಲ್ಲಿ ಬೇಕಾದ್ರೂ ಹೋಗಬಹುದು. ಲಿಫ್ಟರ್ (ಬಾಲ್ ಎತ್ತಿ ಕೊಡೋಳು) ಹಿಂದಿನ ಸಾಲಲ್ಲಿದ್ರೂ ಹೆಂಗಾದ್ರೂ ಮಾಡಿ ನೆಟ್ ಹತ್ರ ಬರ್ಬೇಕು, ಅದಕ್ಕೇ ಆ ಓಟ. ನಮ್ಮ ಸರ್ ಇದನ್ನ ಕಲಿಸೋಕೆ ನೆಲದ ಮೇಲೆ ಆರು ಹೆಂಚಿನ ಚೂರಿಟ್ಟು ಒಂದೊಂದೇ ಸರಿಸಿ ತೋರಿಸಿದ್ರು, ನಾನೂ ಹಿಂದೆ ನಿಂತು ಬಗ್ಗಿ ನೋಡಿ ಕಲಿತೆ. ನಿಮ್ಮ ಅಕ್ಕನ ಮಗಳು ಎಲ್ಲಿ ನಿಲ್ತಾಳೆ ಅಂತ ಎರಡು ರೊಟೇಶನ್ (ಹೀಗೆ ಜಾಗ ಸರಿಯೋದು) ನೋಡಿ, ಆಮೇಲೆ ನಿಮಗೇ ಗೊತ್ತಾಗುತ್ತೆ.

ನನ್ನ ಮಗಳು ಲಿಬೆರೋ. ಬೇರೆ ಬಣ್ಣದ ಜರ್ಸಿ ಹಾಕ್ಕೊಂಡಿರೋಳು. 1998ರಲ್ಲಿ ಬಂದ ಜಾಗ ಅದು, ನಮ್ಮ ಕಾಲದಲ್ಲಿ ಇರ್ಲಿಲ್ಲ. ಅವಳು ಸರ್ವಿಸ್ ಮಾಡೋ ಹಾಗಿಲ್ಲ, ಬ್ಲಾಕ್ (ನೆಟ್ ಹತ್ರ ಹಾರಿ ಆ ಕಡೆಯವರ ಹೊಡೆತ ತಡೆಯೋದು) ಮಾಡೋ ಹಾಗಿಲ್ಲ, ನೆಟ್‌ಗಿಂತ ಮೇಲಿರೋ ಬಾಲ್‌ನ ಆ ಕಡೆಗೆ ಹೊಡೆಯೋ ಹಾಗೂ ಇಲ್ಲ, ಹಿಂದೆ ನಿಂತು ಬಿದ್ದು ಎದ್ದು ಬಾಲ್ ಎತ್ತೋದೇ ಕೆಲಸ. ಚಪ್ಪಾಳೆ ಕಮ್ಮಿ. ಮೊದಲ ಸಲ ಅವಳು ನೆಲಕ್ಕೆ ಹಾರಿ ಉರುಳಿದ್ದು ನೋಡಿ ನಾನು ಅಯ್ಯೋ ಪುಟ್ಟಿ ಅಂತ ಎದ್ದೇಬಿಟ್ಟೆ. ಸರ್ ಕೂರಿಸಿ ಒಂದು ವಿಷಯ ಹೇಳಿದ್ರು: 1964ರಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ವಾಲಿಬಾಲ್ ಮೊದಲ ಸಲ ಸೇರಿದಾಗ ಹೆಂಗಸರ ಚಿನ್ನ ಗೆದ್ದಿದ್ದು ಜಪಾನ್, ಆ ಟೀಮಲ್ಲಿ ಬಹಳ ಜನ ಒಂದೇ ನೂಲಿನ ಗಿರಣಿಯಲ್ಲಿ ಕೆಲಸ ಮಾಡ್ತಿದ್ದ ಹುಡುಗೀರು, ಕೆಲಸ ಮುಗಿಸಿ ರಾತ್ರಿವರೆಗೂ ಪ್ರಾಕ್ಟೀಸ್ ಮಾಡ್ತಿದ್ರು, ಬಿದ್ದು ಉರುಳಿ ಅದೇ ಓಟದಲ್ಲಿ ಎದ್ದು ನಿಲ್ಲೋ ಈ ವಿದ್ಯೆನ ಅವರ ಕೋಚ್ ಹಿರೊಬುಮಿ ದೈಮತ್ಸು ಅವರಿಗೆ ಕಲಿಸಿದ್ದು, ಸೋವಿಯತ್ ಟೀಮ್‌ನ ಕೊನೇ ಮ್ಯಾಚಲ್ಲಿ ಮೂರಕ್ಕೆ ಮೂರು ಸೆಟ್ ಸೋಲಿಸಿದ್ರು ಅಂತ. ನೂಲಿನ ಗಿರಣಿ ಅಂದಿದ್ದೇ ನನಗೆ ಏನೋ ನಮ್ಮೋರೇ ಅನ್ನೋ ಹಾಗಾಯ್ತು. ಆವತ್ತು ಮನೆಗೆ ಬಂದು ಮಗಳ ನೀಕ್ಯಾಪ್ ಬಿಚ್ಚಿ, ಜೋಲಾಗಿದ್ದ ಎಲಾಸ್ಟಿಕ್ ತೆಗೆದು ಎರಡಿಂಚಿನ ಹೊಸದು ಹಾಕಿ ಡಬಲ್ ಹೊಲಿಗೆ ಹೊಡೆದೆ. ಈಗ ಟೀಮಲ್ಲಿ ಎಲ್ಲರ ನೀಕ್ಯಾಪೂ ನನ್ನ ಅಂಗಡಿಗೇ ಬರುತ್ತೆ, ದುಡ್ಡು ತಗೊಳ್ಳಲ್ಲ.

ಮಳೆಯದ್ದೊಂದು ಕಾಟ ನಮಗೆ. ಮುಳ್ಳಯ್ಯನಗಿರಿ ಕಡೆಯಿಂದ ಮೋಡ ಇಳೀತು ಅಂದ್ರೆ ಹತ್ತು ನಿಮಿಷದಲ್ಲಿ ಹನಿ. ಆಗ ಕಾಲೇಜ್ ಕಾರಿಡಾರಲ್ಲಿ ಗೋಡೆಗೆ ಹೊಡ್ಕೊಂಡು ಅಂಡರ್‌ಹ್ಯಾಂಡ್ (ಎರಡೂ ಮುಂಗೈ ಜೋಡಿಸಿ ಬಾಲ್ ಎತ್ತೋದು) ಮಾಡ್ತಾರೆ, ಹಳೇ ಬಾಲಲ್ಲಿ. ಹೊಸ ಬಾಲ್ 260ರಿಂದ 280 ಗ್ರಾಂ ಇರುತ್ತೆ, ನೀರು ಕುಡಿದ ಹಳೇದು ಅದಕ್ಕಿಂತ ಭಾರ, ಮನೆಗೆ ಬಂದು ಮುಂಗೈ ತೋರಿಸಿದ್ರೆ ಮಣಿಕಟ್ಟಿಂದ ಮೇಲೆ ಕೆಂಪು ಚುಕ್ಕಿ ಚುಕ್ಕಿ. ನಿಮ್ಮ ಹುಡುಗಿಗೂ ಹಂಗಾಗಿದ್ರೆ ಗಾಬರಿ ಆಗ್ಬೇಡಿ, ಎರಡು ಮೂರು ವಾರದಲ್ಲಿ ಕೈ ಪಳಗುತ್ತೆ. ಹಾಸನದಲ್ಲಿ ನಮ್ಮಷ್ಟು ಮಳೆ ಇಲ್ಲ, ನಿಮಗೆ ಪ್ರಾಕ್ಟೀಸ್ ದಿನ ಜಾಸ್ತಿ ಸಿಗುತ್ತೆ.

ನೀವು ಗಂಡಸರು, ಹುಡುಗೀರ ಪ್ರಾಕ್ಟೀಸು, ಅದಕ್ಕೆ ಇದನ್ನೂ ಹೇಳ್ತೀನಿ ತಪ್ಪು ತಿಳೀಬೇಡಿ. ಮೊದಲ ದಿನ ನೇರ ಹೋಗಿ ಸರ್‌ನೋ ಮೇಡಂನೋ ಮಾತಾಡಿಸಿ, ಇಂಥವಳ ಮಾಮ ಅಂತ ಹೇಳಿ, ಕೂರ್ಲಾ ಅಂತ ಕೇಳಿ ಕೂತ್ಕೊಳ್ಳಿ. ಫೋನ್ ಜೇಬಲ್ಲಿರ್ಲಿ, ವಿಡಿಯೋ ಬೇಡ. ನಮ್ಮಲ್ಲಿ ಬೇಲಿ ಹತ್ರ ನಿಂತು ವಿಡಿಯೋ ಮಾಡೋರು ಬಂದಾಗ ಹುಡುಗೀರ ದನಿ ತಕ್ಷಣ ಇಳಿದು ಹೋಗೋದು, ಅಷ್ಟು ಕಷ್ಟಪಟ್ಟು ತಂದ ದನಿ. ಹೊರಗಿಂದ ಹಂಗೆ ಹೊಡಿ ಹಿಂಗೆ ಹೊಡಿ ಅಂತ ಹೇಳೋಕೂ ಹೋಗ್ಬೇಡಿ, ಮನೆಯೋರ ಮಾತು ಕಿವಿಗೆ ಬಿದ್ರೆ ಮಕ್ಕಳು ಪಕ್ಕದೋಳ ಕೂಗು ಕೇಳಿಸ್ಕೊಳ್ಳಲ್ಲ.

ಈ ವರ್ಷ ನಮ್ಮಲ್ಲಿ ಕುವೆಂಪು ಯೂನಿವರ್ಸಿಟಿ ಇಂಟರ್ ಕಾಲೇಜ್ ಟೂರ್ನಮೆಂಟಿಗೆ ಇನ್ನೂ ಒಂದು ತಿಂಗಳಿದೆ, ನಾಲ್ಕು ಜನ ಹೊಸ ಹುಡುಗೀರು ಬಂದಿದಾರೆ, ಮತ್ತೆ ಅದೇ ಥರ ಮುಖ ಮುಖ ನೋಡ್ಕೋತಾರೆ. ಮೊನ್ನೆ ಅದೇ ಮೂಡಿಗೆರೆ ಹುಡುಗಿ, ಹೊಸಬಳೊಬ್ಳ ಹೆಗಲ ಮೇಲೆ ಕೈ ಹಾಕಿ ಗೇಟ್ ಕಡೆ ತೋರಿಸಿ ಅಲ್ಲಿಗೆ ಕೇಳಿಸ್ಬೇಕು ಅಂತ ಹೇಳ್ತಿದ್ಳು. ನೀವು ಹೋಗಿ ಬಂದ್ಮೇಲೆ ನಿಮ್ಮ ಅಕ್ಕನ ಮಗಳ ದನಿ ಎಲ್ಲಿವರೆಗೆ ಕೇಳಿಸ್ತು ಅಂತ ಇಲ್ಲಿ ಬರೀರಿ, ಕಾಯ್ತಿರ್ತೀನಿ.