ಎಲೆಕ್ಟ್ರಾನಿನ ವೇಷವೂ ಮೃದಂಗದ ಕರಣೆಯೂ

ಮಾನ್ಯರೇ,

ವಿಜ್ಞಾನ ಪ್ರಸಾರದಲ್ಲಿ ಕಲೆಯ ಬಳಕೆಯನ್ನು ಮೆಚ್ಚಿ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ನೀವು ಜಯನಗರದಿಂದ ಬರೆದ ಆಕ್ಷೇಪವನ್ನು ಗಮನವಿಟ್ಟು ಓದಿದ್ದೇವೆ. ಶಾಲೆಯ ನೃತ್ಯರೂಪಕದಲ್ಲಿ ಎಲೆಕ್ಟ್ರಾನಿನ ವೇಷ ತೊಟ್ಟು ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನ ಸುತ್ತ ಕುಣಿದ ವಿದ್ಯಾರ್ಥಿನಿಯೊಬ್ಬಳು, ಎಲೆಕ್ಟ್ರಾನುಗಳು ಗ್ರಹಗಳ ಹಾಗೆ ಗೊತ್ತಾದ ಹಾದಿಯಲ್ಲಿ ಸುತ್ತುತ್ತವೆ ಎಂಬ ಕಲ್ಪನೆಯನ್ನು ಆಮೇಲೆ ಎಷ್ಟು ತಿದ್ದಿದರೂ ಬಿಡಲಿಲ್ಲವೆಂದು ತಿಳಿಸಿ, "ವಿಜ್ಞಾನದ ಪಾಠಕ್ಕೆ ಕಲೆಯ ಹಂಗು ಬೇಡ" ಎಂದು ಭೌತವಿಜ್ಞಾನದ ಶಿಕ್ಷಕರಾದ ನೀವು ಪತ್ರ ಮುಗಿಸಿದ್ದೀರಿ.

ನಿಮ್ಮ ಅನುಭವ ನಮಗೆ ಒಪ್ಪಿಗೆ, ತೀರ್ಮಾನ ಒಪ್ಪಿಗೆಯಿಲ್ಲ. ಮೈಯಲ್ಲಿ ಇಳಿದದ್ದು ಸುಲಭಕ್ಕೆ ಅಳಿಸುವುದಿಲ್ಲ. ಎಲೆಕ್ಟ್ರಾನ್ ಎಲ್ಲಿದೆ ಎಂಬುದನ್ನು ಸಂಭವನೀಯತೆಯಾಗಿ ಮಾತ್ರ ಹೇಳಲು ಸಾಧ್ಯ ಎಂಬ ಮಾತನ್ನು ಆ ನೃತ್ಯ ಸಂಯೋಜಕರಿಗೆ ಮೊದಲೇ ಯಾರೂ ತಿಳಿಸಿರಲಾರರು. ಪಾಠ ಸಿದ್ಧವಾದ ಮೇಲೆ ಅದನ್ನು ಅಂದಗೊಳಿಸಲು ಕಲಾವಿದರನ್ನು ಕರೆಯುವ ನಮ್ಮ ರೂಢಿಯೇ ಇಲ್ಲಿ ಕೆಟ್ಟದ್ದು.

ಇದಕ್ಕೆ ಎದುರಾಗಿ ಮೃದಂಗವನ್ನು ನೋಡಿ. ಬರಿಯ ಚರ್ಮವನ್ನು ವೃತ್ತಾಕಾರವಾಗಿ ಬಿಗಿದು ಬಾರಿಸಿದರೆ ಅದರ ಮೇಲ್ಸ್ವರಗಳು, ಎಂದರೆ ಮೂಲಸ್ವರದ ಜೊತೆಗೇ ಕೇಳಿಸುವ ಎತ್ತರದ ಸ್ವರಗಳು, ಮೂಲಸ್ವರದ ಸುಮಾರು 1.59 ಪಟ್ಟು, 2.14 ಪಟ್ಟು ಎಂಬಂತೆ ಹೊಂದಿಕೆಯಿಲ್ಲದೆ ಹುಟ್ಟುತ್ತವೆ; ಆದ್ದರಿಂದಲೇ ಸಾಮಾನ್ಯ ಚರ್ಮವಾದ್ಯದಲ್ಲಿ ಸ್ಪಷ್ಟವಾದ ಶ್ರುತಿ ಕೇಳಿಸುವುದಿಲ್ಲ. ಮೃದಂಗದ ಬಲಮುಖದ ನಡುವೆ ಪದರ ಪದರವಾಗಿ ಹಚ್ಚಿದ ಕರಣೆ ಎಂಬ ಕಪ್ಪು ಲೇಪದ ಭಾರವು ಈ ಕಂಪನಗಳನ್ನು ಎರಡು ಪಟ್ಟು, ಮೂರು ಪಟ್ಟುಗಳ ಸಮೀಪಕ್ಕೆ ತಂದು ನಿಲ್ಲಿಸುತ್ತದೆ. ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಇದನ್ನು ಮೊದಲು ವರದಿ ಮಾಡಿ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾಗಿ ಬರೆದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ಬಾರಿಸಿದಾಗ, ಕಂಪಿಸುವ ಕಡೆಯಿಂದ ಸರಿದು ಅಲುಗದ ಗೆರೆಗಳ ಮೇಲೆ ಕೂಡಿಕೊಂಡ ಮರಳಿನ ಚಿತ್ತಾರಗಳೇ ಅವರಿಗೆ ಸಾಕ್ಷ್ಯವಾದವು. ವಾದಕರು 'ನಂ' ಎಂದು ನುಡಿಸುವಾಗ ಉಂಗುರದ ಬೆರಳನ್ನು ಚರ್ಮಕ್ಕೆ ಹಗುರವಾಗಿ ತಾಗಿಸಿ ಮೂಲಸ್ವರವನ್ನು ಅಡಗಿಸುತ್ತಾರೆ. ಅಲ್ಲೊಂದು ಅಲುಗದ ಗೆರೆ ಏರ್ಪಡುತ್ತದೆ. ಗಣಿತದ ನೆರವಿಲ್ಲದೆ ತಲೆಮಾರುಗಳ ಕಿವಿ ಕಂಡುಕೊಂಡ ಈ ಪರಿಹಾರದ ಎದುರು ನಮಗೆ ಇಂದಿಗೂ ಬೆರಗು. ಈ ಪಾಠದಿಂದ ಮೃದಂಗವನ್ನು ತೆಗೆದುಹಾಕಿದರೆ ವಿಜ್ಞಾನವೇ ಉಳಿಯುವುದಿಲ್ಲ. ನಿಮ್ಮ ನೃತ್ಯರೂಪಕದಿಂದ ನೃತ್ಯವನ್ನು ತೆಗೆದಿದ್ದರೆ ವಿಜ್ಞಾನಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ. ಯಾವುದೇ ಪ್ರದರ್ಶನವನ್ನು ಒರೆಗೆ ಹಚ್ಚಲು ನಮಗೆ ತೋಚುವ ಪ್ರಶ್ನೆ ಇದೊಂದೇ: ಕಲೆಯನ್ನು ತೆಗೆದರೆ ವಿಜ್ಞಾನಕ್ಕೆ ನಷ್ಟವಾಗುತ್ತದೆಯೇ?

ನೋಡುವ ಅಭ್ಯಾಸವನ್ನೂ ಕಲೆಯೇ ಕೊಡಬಲ್ಲದು. 1609ರಲ್ಲಿ ದೂರದರ್ಶಕದಿಂದ ಚಂದ್ರನನ್ನು ನೋಡಿ ಚಿತ್ರಿಸಿದ ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ಅವರ ಕೈಯಲ್ಲಿ ಮೂಡಿದ್ದು ಬೆಳಕು-ಕತ್ತಲಿನ ನಡುವಿನ ಅಂಕುಡೊಂಕು ಗೆರೆ ಮತ್ತು ಕೆಲವು ಮಚ್ಚೆಗಳು. ಕೆಲವೇ ತಿಂಗಳ ನಂತರ, ಚಿತ್ರಕಲೆಯಲ್ಲಿ ಪಳಗಿದ್ದ ಗೆಲಿಲಿಯೋ ಅದೇ ಗೆರೆಯ ಬಳಿಯ ನೆರಳುಗಳಲ್ಲಿ ಬೆಟ್ಟಗಳನ್ನು ಕಂಡರು.

ಬೆಂಗಳೂರಿಗೆ ಈ ಕೆಲಸಕ್ಕೆ ಸ್ಥಳದ ಕೊರತೆಯಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ, 1989ರಿಂದ ತಾರಾಲಯವಿದೆ, 2024ರಲ್ಲಿ ಬಳ್ಳಾರಿ ರಸ್ತೆಯಲ್ಲಿ ತೆರೆದ ಸೈನ್ಸ್ ಗ್ಯಾಲರಿಯಂತೂ ಕಲೆ ಮತ್ತು ವಿಜ್ಞಾನವನ್ನು ಒಂದೇ ಸೂರಿನಡಿ ತರುವುದಕ್ಕೆಂದೇ ಇರುವಂಥದು. ಇಂಥ ಕಡೆಗಳಲ್ಲಿ ಕಲಾವಿದರೂ ವಿಜ್ಞಾನಿಗಳೂ ಮೊದಲ ದಿನದಿಂದ ಒಟ್ಟಿಗೆ ಕೂರಬೇಕು, ಪರಸ್ಪರ ತಪ್ಪನ್ನು ನೇರವಾಗಿ ಹೇಳಬೇಕು, ಕನ್ನಡ ಮಾಧ್ಯಮದ ಮಕ್ಕಳ ಪಕ್ಕದಲ್ಲಿ ನಿಂತು ಕನ್ನಡದಲ್ಲೇ ವಿವರಿಸುವವರೂ ಇರಬೇಕು ಎಂಬುದು ನಮ್ಮ ಒತ್ತಾಯ.

ನಿಮ್ಮಲ್ಲಿ ಒಂದು ವಿನಂತಿ. ಶಬ್ದದ ಪಾಠ ಬಂದಾಗ ಮೃದಂಗ ವಾದಕರೊಬ್ಬರನ್ನು ತರಗತಿಗೆ ಕರೆಯಿರಿ. ಬಟ್ಟಲಿನ ಬಾಯಿಗೆ ಬಲೂನಿನ ರಬ್ಬರನ್ನು ಬಿಗಿದು, ಪುಡಿಯುಪ್ಪು ಉದುರಿಸಿ, ಪಕ್ಕದಲ್ಲಿ ಸ್ಪೀಕರಿನಿಂದ ಬೇರೆ ಬೇರೆ ಸ್ವರ ಹೊರಡಿಸಿ, ಉಪ್ಪು ನಿಂತ ಗೆರೆಗಳನ್ನು ಮಕ್ಕಳಿಂದಲೇ ಬರೆಸಿರಿ. ಆ ಚಿತ್ರಗಳನ್ನೂ, ಪ್ರಯೋಗ ಕೈಕೊಟ್ಟರೆ ನಿಮ್ಮ ಟೀಕೆಯನ್ನೂ ನಮಗೆ ಕಳುಹಿಸಿ, ಎರಡನ್ನೂ ಪ್ರಕಟಿಸುತ್ತೇವೆ.

— ಸಂಪಾದಕ