ಬೈಯುವವರದ್ದೂ ಸರಿ, ಆದರೂ ಕೇಳಿ

ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್‌ನ ‘ಹೈಬ್ರಿಡ್ ಥಿಯರಿ’ ಆಲ್ಬಮನ್ನು ಕೆಲವರು ಹೊಗಳುತ್ತಾರೆ, ಕೆಲವರು ಇದು ಮೆಟಲ್ಲೇ (ಅಬ್ಬರದ ಗಿಟಾರಿನ ರಾಕ್) ಅಲ್ಲ ಅಂತಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಬೈಯುವವರ ಮಾತಿನಲ್ಲೂ ಹುರುಳಿದೆ. ಹೆಚ್ಚಿನ ಹಾಡುಗಳು ಮೂರು ನಿಮಿಷದ ಆಸುಪಾಸು, ಅಚ್ಚೂ ಒಂದೇ: ಬ್ಯಾಂಡಿನ ಮೈಕ್ ಶಿನೋಡ ಅವರ ರ‍್ಯಾಪ್, ಆಮೇಲೆ ಮುಖ್ಯ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ಅವರ ಕೂಗು. ಉದ್ದದ ಗಿಟಾರ್ ಸೋಲೋ ಬೇಕಾದವರಿಗೆ ಇದು ಸಪ್ಪೆ.

ಆದರೆ ಆ ಕೂಗು ಇದೆಯಲ್ಲ, ಅದು ಸುಮ್ನೆ ಕಿರುಚಾಟ ಅಲ್ಲ. ನಾವು ಕಾಸರಗೋಡಿನವರು ಯಕ್ಷಗಾನದ ಆಟ ನೋಡಿ ಬೆಳೆದವರು ಅಲ್ವಾ? ಚೆಂಡೆ ಎಷ್ಟು ಏರಿದರೂ ಭಾಗವತರ ದನಿ ಅದರ ಮೇಲೆ ನಿಲ್ಲುತ್ತದೆ. ಗಿಟಾರ್ ಅಬ್ಬರದ ಮೇಲೆ ಬೆನ್ನಿಂಗ್ಟನ್ ದನಿಯೂ ಹಾಗೇ ನಿಲ್ಲುತ್ತದೆ. ನನಗೆ ಅಷ್ಟೇ ಸಾಕು.

2000ದ ಈ ಆಲ್ಬಮ್ ಸುಮಾರು 38 ನಿಮಿಷ. ನೀವು ಕುಂಬಳೆಯವರು ಅಂದಿರಲ್ಲ, ಮಂಗಳೂರು ಬಸ್ಸಿನಲ್ಲಿ ಕೂತು ಪೂರ್ತಿ ಕೇಳಿ. ಇಯರ್‌ಫೋನ್ ಬೇಕೇ ಬೇಕು, ಇಲ್ಲದಿದ್ದರೆ ಬ್ಯಾಂಡಿನ ಡಿಜೆ ಜೋ ಹಾನ್ ಅವರು ರೆಕಾರ್ಡ್ ತಟ್ಟೆ ಆಡಿಸಿ ಸದ್ದು ತರಿಸುವ ಟರ್ನ್‌ಟೇಬಲ್ ಕೆಲಸ ಕಿವಿಗೇ ಬೀಳುವುದಿಲ್ಲ.