ಅಂಗಳದ ಇಂಟರ್‌ಲಾಕ್ ಮತ್ತು ಇಂಗದ ನೀರು

ಪ್ರಶ್ನೆ: ನಮ್ಮ ಮನೆ ಬಿಕರ್ನಕಟ್ಟೆಯಲ್ಲಿ. ಮೂರು ಸೆಂಟ್ಸ್ ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ (ಸಿಮೆಂಟ್ ಬ್ಲಾಕ್) ಹಾಕಿಸಿದ ಮೇಲೆ ಮಳೆನೀರು ಗೇಟು ದಾಟಿ ತಗ್ಗಿನಲ್ಲಿರುವ ಪಕ್ಕದ ಮನೆಗೆ ನುಗ್ಗುತ್ತಿದೆ. ನೀರು ಇಂಗಲೆಂದು ಮೂಲೆಯಲ್ಲಿ ಹಿಂದೆ ಮಾಡಿದ್ದ ತಗ್ಗಿನ ಕೈತೋಟದಲ್ಲಿ ಮಳೆ ಬಿಟ್ಟು ನಾಲ್ಕು ದಿನವಾದರೂ ನೀರು ನಿಂತಿರುತ್ತದೆ. ಮಲೇರಿಯಾ ಭಯ. ಮಣ್ಣು ತುಂಬಿಸಿಬಿಡಲೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ದಯವಿಟ್ಟು ತುಂಬಿಸಬೇಡಿ. ಮೂರು ಸೆಂಟ್ಸ್ ಎಂದರೆ ಸುಮಾರು 120 ಚದರ ಮೀಟರ್. 50 ಮಿ.ಮೀ. ಮಳೆಗೆ ಅಲ್ಲಿ 6,000 ಲೀಟರ್ ನೀರು ಬೀಳುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒಂದೇ ದಿನ ಅಷ್ಟು ಸುರಿಯುವುದು ನಮ್ಮಲ್ಲಿ ಮಾಮೂಲು. ಇಂಟರ್‌ಲಾಕ್ ಸಂದಿಯಲ್ಲಿ ನೀರು ಇಳಿಯುತ್ತದೆಂದು ನಂಬಬೇಡಿ. ಅಡಿಯ ಜಲ್ಲಿಪುಡಿಯನ್ನು ಕುಟ್ಟಿ ಗಟ್ಟಿ ಮಾಡಿರುತ್ತಾರೆ.

ಹಾಗಾಗಿ ಮೊದಲು ಅಂಗಳ. ಕಾರಿನ ಚಕ್ರ ಓಡುವಲ್ಲಿ ಎರಡು ಪಟ್ಟಿ, ಬಾಗಿಲಿಗೆ ನಡೆಯುವ ದಾರಿ, ಇಷ್ಟು ಉಳಿಸಿ ಮಿಕ್ಕಿದ್ದನ್ನು ಕೀಳಿಸಿ. ಕಿತ್ತರಷ್ಟೇ ಸಾಲದು. ಜಲ್ಲಿಪುಡಿ ತೆಗೆದು, ಪಿಕ್ಕಾಸಿನಿಂದ ಒಂದು ಅಡಿಯಷ್ಟು ನೆಲ ಸಡಿಲಿಸಿ, ಸುಡುಮಣ್ಣು, ಗೊಬ್ಬರ ಬೆರೆಸಿ ಹುಲ್ಲು ಹಿಡಿಸಿ.

ಇನ್ನು ಮೂಲೆಯ ತೋಟ. ಅಲ್ಲಿ ನೀರು ನಿಲ್ಲಲು ಹೆಚ್ಚಾಗಿ ಕಾರಣ ಹರಿದುಬಂದ ನುಣುಪು ಕೆಸರು. ಬೇಸಿಗೆಯಲ್ಲಿ ಅಗೆದು ನೋಡಿ: ಮೇಲೆ ಬಿರುಕು ಬಿಟ್ಟ ಬೂದು ಪದರ, ಅದರಡಿಯಲ್ಲಿ ಕೆಂಪು ಮಣ್ಣು ಕಂಡರೆ ಆ ಪದರವೇ ಮುಚ್ಚಳ. ಕೆಂಪು ಮಣ್ಣು ಸಿಗುವವರೆಗೆ ಅದನ್ನು ಹೆರೆದು ತೆಗೆಯಿರಿ. ಒಂದು ಅಡಿ ಗುಂಡಿ ತೋಡಿ ಎರಡು ಸಲ ನೀರು ತುಂಬಿಸಿ. ಎರಡನೆಯ ಸಲದ್ದು ಒಂದು ದಿನದೊಳಗೆ ಇಂಗಿದರೆ ನೆಲ ಚೆನ್ನಾಗಿದೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರವಾದರೂ ಬೇಕು, ಆದ್ದರಿಂದ ದಿನದೊಳಗೆ ಇಂಗುವ ನೀರಿನಿಂದ ಮಲೇರಿಯಾ ಭಯವಿಲ್ಲ. ನೀರು ಒಳಬರುವಲ್ಲಿ ಮುರಕಲ್ಲಿನ (ಕೆಂಪು ಕಲ್ಲಿನ) ಚೂರು ಹರಡಿ, ಕೆಸರು ಅಲ್ಲೇ ತಂಗುತ್ತದೆ. ಲಾವಂಚ, ಬಜೆ, ಕೆಸು ನೆಡಿ. ಲಾವಂಚದ ಬೇರು ಆಳಕ್ಕಿಳಿದು ಮಣ್ಣನ್ನು ಸಡಿಲವಾಗಿಡುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ ಕೆಲಸ ಮುಗಿಯಲಿ.

ಜುಲೈಯ ಮಳೆಯೆಲ್ಲ ಇದರಲ್ಲಿ ಇಂಗದು. ತುಂಬಿದ ಮೇಲೆ ಉಕ್ಕುವ ನೀರು ಚರಂಡಿಗೆ ಹೋಗಲು ಪೈಪು ಇರಲೇಬೇಕು, ಪಕ್ಕದವರ ಕಡೆಗಲ್ಲ.

ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಮುರಕಲ್ಲಿನ ಅಡಿಯಲ್ಲಿ ಹಲವೆಡೆ ಶೇಡಿ ಮಣ್ಣಿದೆ (ನುಣುಪಾದ ಜೇಡಿಯಂಥ ಮಣ್ಣು), ನೀರು ಕುಡಿದರೆ ಅದು ಜಾರುತ್ತದೆ. ನಿಮ್ಮ ಮೂಲೆ ಕಡಿದ ಗುಡ್ಡದ ಅಂಚಿನಲ್ಲೋ ತಡೆಗೋಡೆಯ ಮೇಲೋ ಇದ್ದರೆ ಅಲ್ಲಿ ನೀರು ಇಂಗಿಸಬೇಡಿ. ಮನೆಯ ಪಂಚಾಂಗದಿಂದ (ತಳಪಾಯದಿಂದ) ಹತ್ತು ಅಡಿ ದೂರದಲ್ಲಿ ಬೇರೆ ಜಾಗ ಹುಡುಕಿ, ಅಗೆಯುವ ಮೊದಲು ಮಣ್ಣು ಬಲ್ಲ ಎಂಜಿನಿಯರ್ ಒಬ್ಬರಿಗೆ ತೋರಿಸಿ.